ಫೋನೋ ಕಾರ್ಟ್ರಿಜ್‌ಗೆ ಲೋಡ್ ಎಷ್ಟು, ಗೇನ್ ಎಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಗೆ ಭಾನುವಾರ ಬೆಳಿಗ್ಗೆ ಟರ್ನ್‌ಟೇಬಲ್ (ರೆಕಾರ್ಡ್ ತಟ್ಟೆ ಹಾಡಿಸುವ ಯಂತ್ರ) ಹೊತ್ತುಕೊಂಡು ಬರುವವರೂ, ಮೂಡಿಗೆರೆ, ಕೊಪ್ಪ, ಸಕಲೇಶಪುರ, ಅರಸೀಕೆರೆ ಕಡೆಯಿಂದ ಕಾಗದ ಬರೆಯುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದ್ದರಿಂದ ಕಷ್ಟದ್ದಕ್ಕೆ ಜೋಡಿಸಿ, ಉತ್ತರ ಬರೆದಿದ್ದೇನೆ. ಕಾರ್ಟ್ರಿಜ್ ಎಂದರೆ ತಟ್ಟೆಯ ಮೇಲೆ ಓಡುವ ಮುಳ್ಳನ್ನು ಹೊತ್ತು, ಅದರ ಅಲುಗಾಟವನ್ನು ವಿದ್ಯುತ್ತಾಗಿ ಮಾಡುವ ಪುಟ್ಟ ಭಾಗ. ಓದುವ ಮುನ್ನ ನಿಮ್ಮ ಕಾರ್ಟ್ರಿಜ್‌ನ ಡಬ್ಬಿಯಲ್ಲಿದ್ದ ಚೀಟಿಯನ್ನು ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ಔಟ್‌ಪುಟ್ ಎಷ್ಟು ಮಿಲಿವೋಲ್ಟ್, ಶಿಫಾರಸು ಮಾಡಿದ ಲೋಡ್ ಎಷ್ಟು ಓಮ್, ಎಷ್ಟು ಪಿಕೋಫ್ಯಾರಡ್, ಸುರುಳಿಯ ರೆಸಿಸ್ಟೆನ್ಸ್ ಎಷ್ಟು, ಇಂಡಕ್ಟೆನ್ಸ್ ಎಷ್ಟು ಎಂಬ ಐದು ಅಂಕಿಗಳು ಅದರಲ್ಲಿದ್ದರೆ ಮುಂದಿನದೆಲ್ಲ ಬಹುಮಟ್ಟಿಗೆ ಕೂಡಿಸುವ, ಗುಣಿಸುವ ಲೆಕ್ಕ. ಕಿವಿಯ ಕೆಲಸ ಆಮೇಲಿನದು.

## ಮೊದಲ ಪಾಠ

ಲೋಡ್ ಅಂದ್ರೆ ಏನು ಸರ್, ಗೇನ್ ಅಂದ್ರೆ ಏನು? ಎರಡೂ ವಾಲ್ಯೂಮ್ ತರಾನೇನಾ?

ಅಲ್ಲ, ಎರಡೂ ಬೇರೆ ಬೇರೆ. ಕಾರ್ಟ್ರಿಜ್‌ನಿಂದ ಬರುವ ಅತಿ ಸಣ್ಣ ವೋಲ್ಟೇಜನ್ನು ಫೋನೋ ಪ್ರಿಆಂಪ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು ಗೇನ್. ಅದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ: 40 ಡೆಸಿಬೆಲ್ ಎಂದರೆ 100 ಪಟ್ಟು, 60 ಡೆಸಿಬೆಲ್ ಎಂದರೆ 1000 ಪಟ್ಟು, ನಡುವೆ ಪ್ರತಿ 6 ಡೆಸಿಬೆಲ್‌ಗೆ ವೋಲ್ಟೇಜು ಇಮ್ಮಡಿ. ಲೋಡ್ ಎಂದರೆ ಪ್ರಿಆಂಪ್‌ನ ಇನ್‌ಪುಟ್ಟು ಕಾರ್ಟ್ರಿಜ್‌ನ ಮೇಲೆ ಹೊರಿಸುವ ವಿದ್ಯುತ್ತಿನ ಹೊರೆ. ಅದರಲ್ಲಿ ಓಮ್‌ನಲ್ಲಿ ಅಳೆಯುವ ರೆಸಿಸ್ಟೆನ್ಸ್ ಒಂದು ಭಾಗ, ಪಿಕೋಫ್ಯಾರಡ್‌ನಲ್ಲಿ ಅಳೆಯುವ ಕೆಪಾಸಿಟೆನ್ಸ್ ಇನ್ನೊಂದು ಭಾಗ. ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಸಿದವರಿಗೆ ಇದು ಬೇಗ ಹೊಳೆಯುತ್ತದೆ. ಅದೇ ಪಂಪ್‌ಸೆಟ್ಟಿಗೆ ಎರಡು ಜೆಟ್ ಹಾಕಿದಾಗ ನೀರು ಚಿಮ್ಮುವ ರಭಸ ಒಂದು, ಹತ್ತು ಜೆಟ್ ಹಾಕಿದಾಗ ಇನ್ನೊಂದು. ಓಮ್ ಕಡಿಮೆಯಾಗುವುದೆಂದರೆ ಜೆಟ್ ಹೆಚ್ಚಿದಂತೆ, ಅಂದರೆ ಹೊರೆ ಹೆಚ್ಚಿದಂತೆ. ಅಂಕಿ ಇಳಿದರೆ ಭಾರ ಏರುತ್ತದೆ ಎಂಬ ಈ ತಿರುಗುಮುರುಗು ಹೊಸಬರನ್ನು ಪ್ರತಿಸಲವೂ ಗೊಂದಲಕ್ಕೆ ಕೆಡವುತ್ತದೆ.

ನನ್ನದು ಎಂ.ಎಂ. ಕಾರ್ಟ್ರಿಜ್ಜೋ ಎಂ.ಸಿ.ಯೋ? ಚೀಟಿ ಕಳೆದುಹೋಗಿದೆ.

ಎಂ.ಎಂ. ಎಂದರೆ ಮೂವಿಂಗ್ ಮ್ಯಾಗ್ನೆಟ್, ಎಂ.ಸಿ. ಎಂದರೆ ಮೂವಿಂಗ್ ಕಾಯಿಲ್. ಎಂ.ಎಂ.ನಲ್ಲಿ ಮುಳ್ಳಿನ ಕಡ್ಡಿಯ ತುದಿಗೆ ಆಯಸ್ಕಾಂತವಿದ್ದು ಅದು ಅಲುಗುತ್ತದೆ, ಸುರುಳಿ ನಿಂತಲ್ಲೇ ಇರುತ್ತದೆ. ಎಂ.ಸಿ.ಯಲ್ಲಿ ಇದು ತಲೆಕೆಳಗು. ನೋಡಿ ಗುರುತಿಸುವ ಸುಲಭದ ದಾರಿ ಎಂದರೆ, ಮುಳ್ಳಿನ ಭಾಗವನ್ನು ಕೈಯಲ್ಲೇ ಎಳೆದು ಬಿಡಿಸಿ ಹೊಸದು ಸಿಕ್ಕಿಸಲು ಬರುವಂತಿದ್ದರೆ ಅದು ಬಹುಪಾಲು ಎಂ.ಎಂ. ಅಥವಾ ಅದೇ ರೀತಿ ವರ್ತಿಸುವ ಮೂವಿಂಗ್ ಐರನ್. ಎಂ.ಸಿ.ಯಲ್ಲಿ ಮುಳ್ಳು ಸಾಮಾನ್ಯವಾಗಿ ಒಳಗೇ ಕೂಡಿಕೊಂಡಿರುತ್ತದೆ. ಬಿಡಿಸಲು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಎಳೆಯಬೇಡಿ. ಎಂ.ಎಂ.ನ ಔಟ್‌ಪುಟ್ ಸುಮಾರು 3ರಿಂದ 6 ಮಿಲಿವೋಲ್ಟ್, ಮಾಮೂಲಿ ಎಂ.ಸಿ.ಯದು 0.2ರಿಂದ 0.5 ಮಿಲಿವೋಲ್ಟ್.

ಅಜ್ಜನ ಕಾಲದ ರೇಡಿಯೋಗ್ರಾಮ್‌ನ ಪ್ಲೇಯರ್ ಬಿಚ್ಚಿ ಹೊಸ ಫೋನೋ ಪ್ರಿಆಂಪ್‌ಗೆ ಹಾಕಿದೆ. ಸದ್ದು ಒಡೆಯುತ್ತೆ, ತೆಳ್ಳಗೂ ಇದೆ. ಯಾಕೆ?

ಎಸ್ಟೇಟ್ ಬಂಗಲೆಗಳಲ್ಲಿ ಇನ್ನೂ ಧೂಳು ಹೊದ್ದು ಕೂತಿರುವ ಇಂಥ ಹೆಚ್ಚಿನ ಯಂತ್ರಗಳಲ್ಲಿ ಇರುವುದು ಎಂ.ಎಂ. ಅಲ್ಲ, ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್. ಅದರ ಔಟ್‌ಪುಟ್ ನೂರಾರು ಮಿಲಿವೋಲ್ಟ್ ಇರುವುದರಿಂದ ಫೋನೋ ಇನ್‌ಪುಟ್ ತುಂಬಿ ಹರಿದು ಸದ್ದು ಒಡೆಯುತ್ತದೆ. ಅದಕ್ಕೆ ಬೇಕಾದ ಲೋಡ್ 47 ಕಿಲೋಓಮ್ ಅಲ್ಲ, ಸುಮಾರು 1 ಮೆಗಾಓಮ್. ಅದಕ್ಕಿಂತ ಭಾರದ ಲೋಡ್ ಕೊಟ್ಟರೆ ತಗ್ಗು ಸ್ವರಗಳು ಸೋರಿಹೋಗಿ ಮೃದಂಗದ ಎಡಭಾಗ ಕೇಳಿಸುವುದೇ ಇಲ್ಲ. 1 ಮೆಗಾಓಮ್ ಇನ್‌ಪುಟ್ ಇರುವ ಪುಟ್ಟ ಬಫರ್ ಸರ್ಕ್ಯೂಟ್ ಕಟ್ಟಿಸಿ, ಅಲ್ಲಿಂದ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್ಟಿಗೆ ಕೊಡಿ. ಈ ಪುಟದ ಮಿಕ್ಕ ಲೆಕ್ಕಗಳು ಅದಕ್ಕೆ ಅನ್ವಯಿಸುವುದಿಲ್ಲ.

ಟರ್ನ್‌ಟೇಬಲ್ ಒಳಗೇ ಪ್ರಿಆಂಪ್ ಇದೆಯಂತೆ. ಆಂಪ್ಲಿಫೈಯರ್‌ನ ಫೋನೋಗೆ ಸಿಕ್ಕಿಸಿದ್ರೆ ಬರೀ ಗುಡುಗು. ಯಾವ ಗೇನ್ ಇಡಲಿ?

ಯಾವ ಗೇನೂ ಬೇಡ. ಆಂಪ್ಲಿಫೈಯರ್‌ನ ಫೋನೋ ಇನ್‌ಪುಟ್ಟಿನ ಹಿಂದೆಯೂ ಒಂದು ಪ್ರಿಆಂಪ್ ಇರುವುದರಿಂದ ಎರಡು ಪ್ರಿಆಂಪ್‌ಗಳು ಒಂದರ ಹಿಂದೊಂದು ಕೂತಿವೆ, ಒಂದನ್ನು ತೆಗೆಯಬೇಕು. ತಟ್ಟೆ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ ಮೇಲಿನವನ್ನು ಹಿಗ್ಗಿಸಿರುತ್ತಾರೆ. 1954ರಲ್ಲಿ ಗೊತ್ತುಮಾಡಿದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ) ವಕ್ರರೇಖೆಯ ಪ್ರಕಾರ ಫೋನೋ ಪ್ರಿಆಂಪ್ ಇದನ್ನು ತಿರುವಿಹಾಕುತ್ತದೆ, ಅಂದರೆ 20 ಹರ್ಟ್ಸ್‌ನ ಬಳಿ ಸುಮಾರು 19 ಡೆಸಿಬೆಲ್ ಏರಿಸಿ 20 ಕಿಲೋಹರ್ಟ್ಸ್‌ನ ಬಳಿ ಹತ್ತಿರಹತ್ತಿರ ಅಷ್ಟೇ ಇಳಿಸುತ್ತದೆ. ಇದು ಎರಡು ಸಲ ನಡೆದರೆ ನಿಮಗೆ ಕೇಳಿಸಿದ ಗುಡುಗೇ ಸಿಗುತ್ತದೆ. ಟರ್ನ್‌ಟೇಬಲ್‌ನ ಹಿಂದಿನ ಸ್ವಿಚ್ಚನ್ನು ಫೋನೋ ಕಡೆಗೆ ತಳ್ಳಿ ಒಳಗಿನದನ್ನು ಬದಿಗಿಡಿ. ಇಲ್ಲವೇ ಲೈನ್ ಕಡೆಗೆ ಬಿಟ್ಟು ಆಂಪ್ಲಿಫೈಯರ್‌ನ ಆಕ್ಸ್‌ಗೆ ಹಾಕಿ.

## ಗೇನ್

ಗೇನ್ ಎಷ್ಟಿಡಬೇಕು? ಒಂದು ಲೆಕ್ಕ ಹೇಳಿಕೊಡಿ ಸಾಕು.

ಪ್ರಿಆಂಪ್‌ನಿಂದ ಹೊರಬರುವ ಮಾಮೂಲಿ ಮಟ್ಟ 300ರಿಂದ 500 ಮಿಲಿವೋಲ್ಟ್‌ನ ನಡುವೆ ಇರಲಿ ಎಂಬ ಗುರಿ ಇಟ್ಟುಕೊಳ್ಳಿ. ಈ ಗುರಿಯನ್ನು ಕಾರ್ಟ್ರಿಜ್‌ನ ಔಟ್‌ಪುಟ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಬೇಕೆಂಬುದು ಸಿಗುತ್ತದೆ. ಆರ್ಟೋಫಾನ್‌ನ 2ಎಂ ರೆಡ್ 5.5 ಮಿಲಿವೋಲ್ಟ್ ಕೊಡುತ್ತದೆ. ಅದಕ್ಕೆ 55ರಿಂದ 90 ಪಟ್ಟು, ಅಂದರೆ 35ರಿಂದ 39 ಡೆಸಿಬೆಲ್ ಸಾಕು. ಎಲ್ಲೆಡೆ ಸಿಗುವ 40 ಡೆಸಿಬೆಲ್ ಕೂಡ ಧಾರಾಳವಾಗಿ ಆದೀತು. ಆಡಿಯೋ-ಟೆಕ್ನಿಕಾದ ವಿಎಂ95ಇ 4 ಮಿಲಿವೋಲ್ಟ್‌ನದು. 40 ಡೆಸಿಬೆಲ್ ಅದಕ್ಕೆ ಅಳತೆ ತೆಗೆದು ಹೊಲಿದಂತಿದೆ. ಡೆನಾನ್‌ನ ಡಿಎಲ್-103 ಎಂ.ಸಿ. ಕಾರ್ಟ್ರಿಜ್ 0.3 ಮಿಲಿವೋಲ್ಟ್ ಮಾತ್ರ ಕೊಡುವುದರಿಂದ 1000 ಪಟ್ಟಿನಿಂದ 1600 ಪಟ್ಟಿನವರೆಗೆ, ಅಂದರೆ 60ರಿಂದ 64 ಡೆಸಿಬೆಲ್ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಚೀಟಿಯಲ್ಲಿನ ಮಿಲಿವೋಲ್ಟ್ ಅಂಕಿಯ ಪಕ್ಕದಲ್ಲಿ ಯಾವ ವೇಗಕ್ಕೆ ಅಳೆದದ್ದು ಎಂದು ಬರೆದಿರುತ್ತಾರೆ. ಸೆಕೆಂಡಿಗೆ 5 ಸೆಂಟಿಮೀಟರ್ ಎಂದಿದ್ದರೆ ಮೇಲಿನ ಲೆಕ್ಕ ನೇರ, 3.54 ಎಂದಿದ್ದರೆ ಔಟ್‌ಪುಟ್ಟನ್ನು 1.41ರಿಂದ ಗುಣಿಸಿಕೊಂಡು ಆಮೇಲೆ ಹೋಲಿಸಿ.

ಗೇನ್ ಜಾಸ್ತಿನೇ ಇರಲಿ ಬಿಡಿ, ವಾಲ್ಯೂಮ್ ಕಮ್ಮಿ ಮಾಡಿಕೊಂಡ್ರಾಯ್ತಲ್ಲ?

ಆಗುವುದಿಲ್ಲ, ಏಕೆಂದರೆ ಸದ್ದು ಒಡೆಯುವುದು ವಾಲ್ಯೂಮ್ ತಿರುಗಣೆಗಿಂತ ಮುಂಚೆ, ಪ್ರಿಆಂಪ್‌ನ ಒಳಗೇ. ಚೀಟಿಯ ಮಿಲಿವೋಲ್ಟ್ ಎಂಬುದು ಒಂದು ಗುರುತಿನ ಮಟ್ಟವಷ್ಟೇ. ಗಟ್ಟಿಯಾಗಿ ಕೊರೆದ ತಟ್ಟೆಯಲ್ಲಿ ಮುಳ್ಳಿನ ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ದಾಟುವುದುಂಟು, ಆಗ ಔಟ್‌ಪುಟ್ ನಾಲ್ಕು ಪಟ್ಟು. 5.5 ಮಿಲಿವೋಲ್ಟ್‌ನ ಕಾರ್ಟ್ರಿಜ್‌ಗೆ 60 ಡೆಸಿಬೆಲ್ ಇಟ್ಟರೆ ಮಾಮೂಲಿ ಮಟ್ಟವೇ 5.5 ವೋಲ್ಟ್, ಏರಿನಲ್ಲಿ 22 ವೋಲ್ಟ್ ಬೇಕು. ಸಾಮಾನ್ಯ ಪ್ರಿಆಂಪ್‌ನ ಒಳಗಿನ ಪವರ್ ಸಪ್ಲೈಗೆ ಅಷ್ಟು ಜಾಗವೇ ಇರುವುದಿಲ್ಲ. ತಟ್ಟೆಯ ಚಿಟಿಚಿಟಿ ಸದ್ದುಗಳು ಹಾಡಿಗಿಂತ ಎತ್ತರಕ್ಕೆ ಚಿಮ್ಮುವುದರಿಂದ ಮೊದಲು ಒಡೆಯುವುದೂ ಅವೇ. ಜಾಗ ಸಾಲದ ಪ್ರಿಆಂಪ್‌ನಲ್ಲಿ ಹಳೆಯ ತಟ್ಟೆ ಇನ್ನೂ ಹೆಚ್ಚು ಸವೆದಂತೆ ಕೇಳಿಸುತ್ತದೆ, ನಾವು ತಟ್ಟೆಯನ್ನು ಬೈಯುತ್ತೇವೆ.

ಇದಕ್ಕೆ ಎದುರಾಗಿ, ಗೇನ್ ಕಡಿಮೆಯಾದರೆ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸದ್ದು ಸಾಲದು, ಆಂಪ್ಲಿಫೈಯರ್‌ನ ಸ್‌ಸ್ ಎಂಬ ಸದ್ದು ಮೇಲೇಳುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ನಾನು ಒಂದು ಮೆಟ್ಟಿಲು ಕೆಳಗಿನ ಗೇನನ್ನೇ ಆರಿಸುತ್ತೇನೆ.

ಗೇನ್ ಏರಿಸಿದ ಕೂಡಲೇ ಗುಂಯ್ ಅನ್ನುತ್ತೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದಾಗ ಜಿರ್ ಅನ್ನುತ್ತೆ. ಪ್ರಿಆಂಪ್ ಬದಲಾಯಿಸಲಾ ಅಣ್ಣಾ?

ಖರ್ಚು ಮಾಡುವ ಮುನ್ನ ಎರಡು ಸದ್ದುಗಳನ್ನು ಬೇರೆ ಮಾಡಿಕೊಳ್ಳಿ. ದಪ್ಪ ದನಿಯ ಗುಂಯ್ ನಮ್ಮ 50 ಹರ್ಟ್ಸ್ ಲೈನಿನದು. ಟೋನ್‌ಆರ್ಮ್‌ನಿಂದ (ಕಾರ್ಟ್ರಿಜ್ ಹೊತ್ತ ಕೈಯಿಂದ) ಬರುವ ತೆಳು ಅರ್ಥ್ ವೈರು ಪ್ರಿಆಂಪ್‌ನ ಅರ್ಥ್ ತಿರುಪಿಗೆ ಕಟ್ಟಿಲ್ಲ, ಅಥವಾ ಯಾವುದೋ ಟ್ರಾನ್ಸ್‌ಫಾರ್ಮರ್ ಕಾರ್ಟ್ರಿಜ್‌ಗೆ ತೀರ ಹತ್ತಿರವಿದೆ ಎಂದರ್ಥ. ಟರ್ನ್‌ಟೇಬಲ್‌ನ್ನು ಆಂಪ್ಲಿಫೈಯರ್‌ನ ಮೇಲೇ ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ಮೊಳ ಪಕ್ಕಕ್ಕೆ ಸರಿಸಿದರೆ ಎಷ್ಟೋ ಸಲ ಗುಂಯ್ ಅಲ್ಲೇ ಅಡಗುತ್ತದೆ. ಚೂಪಾದ ಜಿರ್ ಸದ್ದು ಚೌಕ ಅಲೆಯ ಅಗ್ಗದ ಇನ್ವರ್ಟರ್‌ನದು. ಅದಕ್ಕೆ ಲೋಡೂ ಗೇನೂ ಮದ್ದಲ್ಲ, ಸೈನ್ ವೇವ್ ಇನ್ವರ್ಟರ್ ಬೇಕು, ಇಲ್ಲವೇ ಕರೆಂಟ್ ಬರುವವರೆಗೆ ಕಾಫಿ ಕುಡಿಯಬೇಕು. ಎಂ.ಸಿ.ಗೆ ಬೇಕಾದ 60 ಡೆಸಿಬೆಲ್‌ನಲ್ಲಿ ಈ ಎರಡೂ ಸದ್ದುಗಳು ಎಂ.ಎಂ.ನಲ್ಲಿದ್ದದ್ದಕ್ಕಿಂತ 10 ಪಟ್ಟು ಹಿಗ್ಗುತ್ತವೆ ಎಂಬುದನ್ನು ಕಾರ್ಟ್ರಿಜ್ ಕೊಳ್ಳುವಾಗಲೇ ಯೋಚಿಸುವುದು ಒಳ್ಳೆಯದು.

## ಎಂ.ಎಂ. ಲೋಡ್

ಎಲ್ಲರೂ 47 ಕಿಲೋಓಮ್ ಅಂತಾರೆ. ಅದರಲ್ಲೇನಿದೆ ವಿಶೇಷ?

ಆ ಅಂಕಿ ಮೊದಲು ರೂಢಿಯಾಗಿ ಬಂದು ಆಮೇಲೆ ಕಟ್ಟಳೆಯಾಯಿತು. ಈಗ ಎಂ.ಎಂ. ತಯಾರಕರೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾರ್ಟ್ರಿಜ್ ರೂಪಿಸುತ್ತಾರೆ. ಒಳಗೆ ನಡೆಯುವುದು ಹೀಗೆ. 2ಎಂ ರೆಡ್‌ನ ಸುರುಳಿಯ ಇಂಡಕ್ಟೆನ್ಸ್ 700 ಮಿಲಿಹೆನ್ರಿ. 10 ಕಿಲೋಹರ್ಟ್ಸ್‌ನ ಸ್ವರಕ್ಕೆ ಆ ಸುರುಳಿ ಒಡ್ಡುವ ತಡೆ ಸುಮಾರು 44 ಕಿಲೋಓಮ್, ಹೆಚ್ಚುಕಡಿಮೆ ಲೋಡ್‌ನಷ್ಟೇ. ಆದ್ದರಿಂದ ಬರೀ ರೆಸಿಸ್ಟೆನ್ಸ್ ಇದ್ದರೆ ಅಲ್ಲಿಂದ ಮೇಲಿನ ಸ್ವರಗಳು ಇಳಿಜಾರು ಹಿಡಿಯುತ್ತವೆ. ಅದನ್ನು ಎತ್ತಿಹಿಡಿಯುವುದು ಎರಡು ಸಂಗತಿಗಳು: ಒಂದು, ಕೇಬಲ್ ಮತ್ತು ಪ್ರಿಆಂಪ್‌ನ ಕೆಪಾಸಿಟೆನ್ಸ್ ಸುರುಳಿಯೊಡನೆ ಸೇರಿ ಮಾಡುವ ಅನುರಣನ (ರೆಸೊನೆನ್ಸ್, ಅಂದರೆ ಒಂದು ಸ್ವರದ ಬಳಿ ಸದ್ದು ಉಬ್ಬುವುದು), ಇನ್ನೊಂದು, ಮುಳ್ಳು ಮತ್ತು ಕಡ್ಡಿಯ ತೂಕದಿಂದ ಹುಟ್ಟುವ ಯಾಂತ್ರಿಕ ಅನುರಣನ. ಈ ಏರುತಗ್ಗುಗಳನ್ನು ಒಂದಕ್ಕೊಂದು ಸರಿದೂಗಿಸಿ ಗೆರೆ ಸಮವಾಗುವಂತೆ ಮಾಡುವುದೇ ತಯಾರಕರ ಕಸುಬು. ಲೋಡ್ ಬದಲಾಯಿಸಿದರೆ ನಾವು ಆ ತಕ್ಕಡಿಯ ಒಂದು ತಟ್ಟೆಗೆ ಕೈ ಹಾಕಿದಂತೆ.

ಪಿಕೋಫ್ಯಾರಡ್ ಎಷ್ಟಿಡಬೇಕು? ಕೇಬಲ್ಲಿನದೂ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಬಹಳ ಸಲ ಕೇಬಲ್ಲಿನದೇ ದೊಡ್ಡ ಪಾಲು. ಚೀಟಿಯಲ್ಲಿ ಬರೆದಿರುವುದು ಕಾರ್ಟ್ರಿಜ್ ಕಾಣುವ ಒಟ್ಟು ಕೆಪಾಸಿಟೆನ್ಸ್, ಅಂದರೆ ಟೋನ್‌ಆರ್ಮ್‌ನ ಒಳತಂತಿ, ಆರ್‌ಸಿಎ ಕೇಬಲ್ಲು ಮತ್ತು ಪ್ರಿಆಂಪ್‌ನ ಇನ್‌ಪುಟ್ಟು ಮೂರನ್ನೂ ಕೂಡಿಸಿದ್ದು. ವಿಎಂ95ಇಗೆ 100ರಿಂದ 200, 2ಎಂ ರೆಡ್‌ಗೆ 150ರಿಂದ 300 ಪಿಕೋಫ್ಯಾರಡ್ ಎಂದು ತಯಾರಕರು ಹೇಳುತ್ತಾರೆ. ಒಳತಂತಿ ಮತ್ತು ಒಂದು ಮೀಟರಿನಷ್ಟು ಕೇಬಲ್ ಸೇರಿ ಸಾಮಾನ್ಯವಾಗಿ 100ರಿಂದ 150 ಆಗಿಬಿಡುತ್ತದೆ. ಆಮೇಲೆ ಪ್ರಿಆಂಪ್ 100 ಕೂಡಿಸಿದರೆ 2ಎಂ ರೆಡ್‌ಗೆ ಸರಿ, ವಿಎಂ95ಇಗೆ ಗಡಿ ದಾಟಿತು.

ನಿಮ್ಮ ಕೇಬಲ್ಲಿನದು ಎಷ್ಟೆಂದು ಊಹಿಸುವ ಬದಲು ಅಳೆಯಿರಿ. ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರನ್ನು 2 ನ್ಯಾನೋಫ್ಯಾರಡ್ ವ್ಯಾಪ್ತಿಗೆ ಇಟ್ಟು, ಮೀಟರಿನ ಸ್ವಂತ ವೈರುಗಳು ತೋರುವ ಅಂಕಿಯನ್ನು ಮೊದಲು ಬರೆದುಕೊಳ್ಳಿ; ಆಮೇಲೆ ಕಳೆಯಬೇಕು. ಕೇಬಲ್ಲನ್ನು ಪ್ರಿಆಂಪ್‌ನಿಂದ ಕಿತ್ತು, ಆರ್ಮ್‌ನ ತುದಿಯಲ್ಲಿ ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್ಲನ್ನೂ ಬಿಚ್ಚಿ (ಕಾರ್ಟ್ರಿಜ್ ಸಿಕ್ಕಿಕೊಂಡೇ ಇದ್ದರೆ ಮೀಟರು ಸುರುಳಿಯನ್ನು ಕಂಡು ದಿಕ್ಕುತಪ್ಪುತ್ತದೆ), ಪ್ಲಗ್ಗಿನ ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಮೀಟರು ಮುಟ್ಟಿಸಿ. ಇಲ್ಲಿ ಒಂದು ಮೋಸವಿದೆ. ಕೈ ತಾನೇ ಮರಳುವ ಹಲವು ಟರ್ನ್‌ಟೇಬಲ್‌ಗಳಲ್ಲಿ ಆರ್ಮ್ ತನ್ನ ಜಾಗದಲ್ಲಿ ಮಲಗಿರುವಾಗ ಟಕ್ ಸದ್ದು ಬರದಿರಲೆಂದು ಔಟ್‌ಪುಟ್ಟನ್ನು ಶಾರ್ಟ್ ಮಾಡಿಡುವ ಸ್ವಿಚ್ಚಿರುತ್ತದೆ. ಮೀಟರು ಏನೂ ಓದದಿದ್ದರೆ ಹೆದರದೆ ಆರ್ಮನ್ನು ತಟ್ಟೆಯ ಮೇಲಕ್ಕೆ ಸರಿಸಿ ನೋಡಿ.

ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ ಹಜಾರದ ಗಾಜಿನ ಬೀರುವಿನೊಳಗೆ ಆಂಪ್ಲಿಫೈಯರ್, ಕಿಟಕಿಯ ಪಕ್ಕದ ಮೇಜಿನ ಮೇಲೆ ಟರ್ನ್‌ಟೇಬಲ್, ನಡುವೆ ಗೋಡೆಯಂಚಿಗೆ ಮೊಳೆ ಹೊಡೆದು ಎಳೆದ ಐದು ಮೀಟರ್ ಕೇಬಲ್. ಕಾರ್ಟ್ರಿಜ್ ವಿಎಂ95ಇ, ಯಜಮಾನರ ದೂರು ‘ಕೊಳಲು ಕೂಡ ಪೀಪಿಯ ಹಾಗೆ ಕೇಳುತ್ತೆ’ ಎಂಬುದು. ಮೀಟರು 510 ಪಿಕೋಫ್ಯಾರಡ್ ತೋರಿಸಿತು, ಆಂಪ್ಲಿಫೈಯರ್‌ನ ಇನ್‌ಪುಟ್ 100 ಬೇರೆ. 550 ಮಿಲಿಹೆನ್ರಿಯ ಸುರುಳಿಗೆ ಒಟ್ಟು 610 ಸೇರಿದರೆ ಅನುರಣನ 8.7 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಅಂದರೆ ಕಿವಿ ಚೆನ್ನಾಗಿ ಗುರುತಿಸುವ ಜಾಗದಲ್ಲೇ ಒಂದು ಗುಡ್ಡ ಎದ್ದು, ಅದರಾಚೆಗೆ ಪ್ರಪಾತ. 150 ಇದ್ದಿದ್ದರೆ ಅದೇ ಅನುರಣನ 17.5 ಕಿಲೋಹರ್ಟ್ಸ್‌ನಲ್ಲಿ, ಯಾರ ತಂಟೆಗೂ ಬರದೆ ಇರುತ್ತಿತ್ತು. ಪುಟ್ಟ ಫೋನೋ ಪ್ರಿಆಂಪೊಂದನ್ನು ಟರ್ನ್‌ಟೇಬಲ್‌ನ ಮಗ್ಗುಲಲ್ಲೇ ಇಟ್ಟು, ಮುಕ್ಕಾಲು ಮೀಟರಿನ ಕೇಬಲ್ಲಿನಲ್ಲಿ ಅದಕ್ಕೆ ಕೊಟ್ಟು, ಗೋಡೆಯ ಉದ್ದದ ಕೇಬಲ್ಲನ್ನು ಪ್ರಿಆಂಪ್ ಆದ ಮೇಲಿನ ಭಾಗಕ್ಕೆ ಬಳಸಿದೆವು. ಹಿಗ್ಗಿದ ಮೇಲಿನ ಸಿಗ್ನಲ್ಲಿಗೆ ಐದು ಮೀಟರ್ ದೊಡ್ಡ ದಾರಿಯಲ್ಲ. ಒಂದು ಮೊಳೆಯನ್ನೂ ಕೀಳದೆ ಕೊಳಲು ಕೊಳಲಾಯಿತು.

ಭಾವಗೀತೆ ಹಾಕಿದಾಗ ‘ಸ’, ‘ಶ’ ಬಂದಲ್ಲೆಲ್ಲ ಕಿವಿ ಚುಚ್ಚುತ್ತೆ. ಕೆಪಾಸಿಟೆನ್ಸ್ ಜಾಸ್ತಿ ಆಗಿರಬಹುದಾ?

ಇರಬಹುದು, ಆದರೆ ಮೊದಲು ಎಲ್ಲಿ ಚುಚ್ಚುತ್ತದೆ ಎಂದು ಗಮನಿಸಿ. ತಟ್ಟೆಯ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಸಮನೆ ಚುಚ್ಚಿದರೆ ಲೋಡ್‌ನ ಮೇಲೆ ಅನುಮಾನ ಪಡಬಹುದು. ಹೊರಗಿನ ಹಾಡುಗಳಲ್ಲಿ ಸ್ವಚ್ಛವಾಗಿದ್ದು, ಲೇಬಲ್ಲಿನ ಹತ್ತಿರ ಹೋದಂತೆ ‘ಸ’ಕಾರ ಚೂರುಚೂರಾದರೆ ಅದು ಕಾರ್ಟ್ರಿಜ್ ಕೂರಿಸಿದ ಕೋನದ, ಮುಳ್ಳಿನ ಭಾರದ ಅಥವಾ ಸವೆದ ಮುಳ್ಳಿನ ದೋಷ. ಒಳಸುತ್ತುಗಳಲ್ಲಿ ಅದೇ ಸ್ವರವನ್ನು ಕಡಿಮೆ ಉದ್ದದ ಗಾಡಿಯಲ್ಲಿ (ಮುಳ್ಳು ಓಡಲು ತಟ್ಟೆಯಲ್ಲಿ ಕೊರೆದ ಗೆರೆಯಲ್ಲಿ) ತುರುಕಿರುವುದರಿಂದ ಮುಳ್ಳು ಅಲ್ಲೇ ಮೊದಲು ತಡವರಿಸುತ್ತದೆ. ಒಂದೇ ತಟ್ಟೆಯಲ್ಲಿ ಚುಚ್ಚಿ ಬೇರೆಯವುಗಳಲ್ಲಿ ಸುಮ್ಮನಿದ್ದರೆ, ಹಿಂದೆ ಯಾರೋ ಭಾರದ ಮುಳ್ಳಿನಿಂದ ಆ ತಟ್ಟೆಯನ್ನು ಉತ್ತಿದ್ದಾರೆ. ಆ ಗಾಯ ಯಾವ ಸ್ವಿಚ್ಚಿಗೂ ಮಾಯುವುದಿಲ್ಲ.

ಮುಳ್ಳಿನ ಭಾರವನ್ನು ತಕ್ಕಡಿಯಲ್ಲಿ ನೋಡಿ: 2ಎಂ ರೆಡ್‌ಗೆ 1.8 ಗ್ರಾಂ, ವಿಎಂ95ಇಗೆ 2.0 ಗ್ರಾಂ. ನನ್ನಲ್ಲಿಗೆ ಲೋಡ್ ಕೆಟ್ಟಿದೆ ಎಂದು ತಂದ ಟರ್ನ್‌ಟೇಬಲ್‌ಗಳಲ್ಲಿ ಲೋಡ್ ನಿಜವಾಗಿ ಕೆಟ್ಟದ್ದಕ್ಕಿಂತ ಭಾರ ಕಡಿಮೆ ಇಟ್ಟದ್ದೇ ಹೆಚ್ಚು. ತಟ್ಟೆ ಸವೆದೀತೆಂಬ ಕಾಳಜಿಯಿಂದ ಕಡಿಮೆ ಇಟ್ಟಿರುತ್ತಾರೆ, ಆದರೆ ಗಾಡಿಯಲ್ಲಿ ಕುಣಿಯುವ ಮುಳ್ಳೇ ತಟ್ಟೆಯನ್ನು ಹೆಚ್ಚು ಕೆಡಿಸುತ್ತದೆ.

ನನ್ನ ಆಂಪ್ಲಿಫೈಯರ್‌ನಲ್ಲಿ ಯಾವ ಸ್ವಿಚ್ಚೂ ಇಲ್ಲ, ಕೆಪಾಸಿಟೆನ್ಸ್ ಜಾಸ್ತಿನೇ ಇದೆ. ಏನು ಮಾಡಲಿ?

ಕೂಡಿಸುವುದು ಸುಲಭ, ಕಳೆಯುವುದು ಕಷ್ಟ. ಮೊದಲು ಕೇಬಲ್ಲನ್ನು ಮೋಟು ಮಾಡಿ, ಒಂದು ಮೀಟರ್ ಉದ್ದಕ್ಕೆ ಕಡಿಮೆ ಪಿಕೋಫ್ಯಾರಡ್ ಇರುವುದನ್ನು ಹಾಕಿ. ಅದೂ ಸಾಲದಿದ್ದರೆ ರೆಸಿಸ್ಟೆನ್ಸನ್ನು ಸ್ವಲ್ಪ ಇಳಿಸಿ ಗುಡ್ಡವನ್ನು ತಟ್ಟಬಹುದು: ಇನ್‌ಪುಟ್‌ಗೆ ಸಮಾನಾಂತರವಾಗಿ 110 ಕಿಲೋಓಮ್ ರೆಸಿಸ್ಟರ್ ಸೇರಿಸಿದರೆ 47 ಇದ್ದದ್ದು ಸುಮಾರು 33 ಕಿಲೋಓಮ್ ಆಗುತ್ತದೆ. ಎರಡು ಚಾನೆಲ್‌ಗೂ 1 ಶೇಕಡಾ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರನ್ನೇ ಹಾಕಿ. ಇಷ್ಟು ಮಾಡುವ ಬದಲು ಹೆಚ್ಚು ಪಿಕೋಫ್ಯಾರಡ್ ಬೇಡುವ ಕಾರ್ಟ್ರಿಜ್ ಆರಿಸುವುದೂ ಒಂದು ದಾರಿ. ಶ್ಯೂರ್‌ನ ಎಂ97ಎಕ್ಸ್‌ಇ 200ರಿಂದ 300 ಕೇಳುತ್ತಿತ್ತು, ಆದರೆ ಆ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು.

## ಎಂ.ಸಿ. ಲೋಡ್

ಎಂ.ಸಿ.ಗೆ ಒಬ್ಬರು 100 ಓಮ್ ಅಂತಾರೆ, ಇನ್ನೊಬ್ಬರು 1000 ಅಂತಾರೆ. ಯಾರ ಮಾತು ಕೇಳಲಿ?

ಮೊದಲು ಚೀಟಿಯ ಮಾತು ಕೇಳಿ. ಅದು ‘ಕನಿಷ್ಠ ಇಷ್ಟು’ ಎಂದು ಹೇಳಿದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ, ಮೇಲಕ್ಕೆ ಎಷ್ಟು ಹೋದರೂ ಅಪಾಯವಿಲ್ಲ. ಏನೂ ಹೇಳದಿದ್ದರೆ ಸುರುಳಿಯ ರೆಸಿಸ್ಟೆನ್ಸ್‌ನ 10 ಪಟ್ಟಿನಿಂದ ಶುರುಮಾಡಿ. ಡಿಎಲ್-103ರ ಸುರುಳಿ 40 ಓಮ್, ಆದ್ದರಿಂದ 400 ಓಮ್; ತಯಾರಕರ ಕನಿಷ್ಠ 100.

ಎಂ.ಎಂ.ನ ಗುಡ್ಡ-ಪ್ರಪಾತದ ಕಥೆ ಇಲ್ಲಿಲ್ಲ. ಎಂ.ಸಿ. ಸುರುಳಿಯ ಇಂಡಕ್ಟೆನ್ಸ್ ತೀರ ಕಡಿಮೆಯಾದ್ದರಿಂದ ಕೇಬಲ್ಲಿನ ಪಿಕೋಫ್ಯಾರಡ್‌ಗಳೊಡನೆ ಅದು ಮಾಡುವ ಅನುರಣನ ಕಿವಿಯ ಎಲ್ಲೆಯಿಂದ ಬಹಳ ಮೇಲೆ, ರೇಡಿಯೋ ಅಲೆಗಳ ಸೀಮೆಯಲ್ಲಿರುತ್ತದೆ. ಹಾಗಾದರೆ ಲೋಡ್ ಬದಲಿಸಿದಾಗ ಸದ್ದು ಬದಲಾಗುವುದೇಕೆ? ಕೆಲವು ಪ್ರಿಆಂಪ್‌ಗಳು ಆ ಮೇಲಿನ ಏರನ್ನು ತಾಳದೆ ಒಳಗೇ ಕಲಕಿಹೋಗಿ, ಅದರ ಕೊಳೆ ಕೇಳುವ ಸೀಮೆಗೂ ಇಳಿಯುತ್ತದೆ. ಭಾರದ ಲೋಡ್ ಆ ಏರನ್ನು ಅದುಮಿಡುತ್ತದೆ. ಗಟ್ಟಿಮುಟ್ಟಾದ ಪ್ರಿಆಂಪ್‌ಗೆ ಇದರ ಪರಿವೆಯೇ ಇರುವುದಿಲ್ಲ. ಆದ್ದರಿಂದ ಒಬ್ಬರ ಮನೆಯ 100 ಓಮ್ ಇನ್ನೊಬ್ಬರ ಮನೆಗೆ ಹೊಂದಬೇಕೆಂದಿಲ್ಲ; ಇಬ್ಬರೂ ತಮ್ಮತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು.

ಎರಡನೆಯ ಕಾರಣ ನಮ್ಮ ಕಿವಿಯ ಮೋಸ. ಪಂಪ್‌ಸೆಟ್ಟಿನ ಮಾತು ಇಲ್ಲಿ ಅಂಕಿಯಾಗುತ್ತದೆ: 40 ಓಮ್ ಸುರುಳಿಗೆ 100 ಓಮ್ ಲೋಡ್ ಕೊಟ್ಟರೆ 2.9 ಡೆಸಿಬೆಲ್ ಸೋರಿಹೋಗುತ್ತದೆ, 400 ಓಮ್‌ಗೆ 0.8, 1000 ಓಮ್‌ಗೆ 0.3 ಮಾತ್ರ. 100ರಿಂದ 400ಕ್ಕೆ ಸ್ವಿಚ್ ಸರಿಸಿದ ಕೂಡಲೇ ಸದ್ದು 2.1 ಡೆಸಿಬೆಲ್ ಏರುತ್ತದೆ, ‘ಆಹಾ, ತೆರೆ ಸರಿದಂತಾಯಿತು’ ಎನ್ನುತ್ತೇವೆ. ಸರಿದದ್ದು ತೆರೆಯಲ್ಲ, ವಾಲ್ಯೂಮ್. ಹೋಲಿಸುವಾಗ ಫೋನಿನ ಸೌಂಡ್ ಮೀಟರ್ ಆಪ್ ಹಿಡಿದು, ಒಂದೇ ಹಾಡಿನ ಒಂದೇ ಜಾಗದಲ್ಲಿ ಎರಡೂ ಸಲ ಅದೇ ಅಂಕಿ ಬರುವಂತೆ ವಾಲ್ಯೂಮ್ ಸರಿಮಾಡಿಕೊಳ್ಳಿ. ಸ್ವಿಚ್ಚನ್ನು ಮನೆಯ ಬೇರೆಯವರು ಸರಿಸಿ, ಯಾವುದೆಂದು ಹೇಳದಿದ್ದರೆ ಇನ್ನೂ ಮೇಲು. ನನ್ನ ಮನೆಯಲ್ಲಿ ಈ ಪರೀಕ್ಷೆ ನಡೆದ ಸಂಜೆ ನಾನು ವರ್ಷಗಟ್ಟಲೆ ವಾದಿಸಿದ್ದ 100 ಓಮನ್ನು 400ರಿಂದ ಬೇರೆ ಮಾಡಿ ಗುರುತಿಸಲು ನನಗೇ ಆಗಲಿಲ್ಲ.

ಹೈ ಔಟ್‌ಪುಟ್ ಎಂ.ಸಿ. ತಗೊಂಡಿದ್ದೀನಿ. ಅದನ್ನ ಎಂ.ಸಿ. ಇನ್‌ಪುಟ್‌ಗೇ ಹಾಕಬೇಕಲ್ವಾ?

ಬೇಡ, ಎಂ.ಎಂ. ಇನ್‌ಪುಟ್ಟಿಗೆ ಹಾಕಿ, 47 ಕಿಲೋಓಮ್ ಇರಲಿ. ಡೆನಾನ್ ಡಿಎಲ್-110 ಕೊಡುವುದು 1.6 ಮಿಲಿವೋಲ್ಟ್, 40 ಡೆಸಿಬೆಲ್‌ನಲ್ಲಿ 160 ಮಿಲಿವೋಲ್ಟ್ ಬಂದು ಸ್ವಲ್ಪ ಮೆಲ್ಲಗೆನಿಸುತ್ತದೆ, 46ರಿಂದ 50ರ ಸ್ವಿಚ್ಚಿದ್ದರೆ ಹದವಾಗುತ್ತದೆ.

ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಲೋಡ್ ಲೆಕ್ಕ ಏನಾಗುತ್ತೆ?

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸುತ್ತುಗಳ ಅನುಪಾತದಷ್ಟು ಏರಿಸುತ್ತದೆ, ಆದರೆ ಅದರ ಹಿಂದಿರುವ ಲೋಡ್‌ನ್ನು ಅನುಪಾತದ ವರ್ಗದಷ್ಟು ಇಳಿಸಿ ಕಾರ್ಟ್ರಿಜ್‌ಗೆ ತೋರಿಸುತ್ತದೆ. 1:10ರದ್ದು 20 ಡೆಸಿಬೆಲ್ ಕೊಡುತ್ತದೆ, ಎಂ.ಎಂ. ಇನ್‌ಪುಟ್‌ನ 47 ಕಿಲೋಓಮ್ ಕಾರ್ಟ್ರಿಜ್‌ಗೆ 470 ಓಮ್ ಆಗಿ ಕಾಣುತ್ತದೆ. 1:20ರದ್ದು 26 ಡೆಸಿಬೆಲ್, ಲೋಡ್ 118 ಓಮ್. ಡಿಎಲ್-103ಕ್ಕೆ ಸೋರಿಕೆಯನ್ನೂ ಸೇರಿಸಿ ನೋಡಿದರೆ 1:10ರಲ್ಲಿ ಎಂ.ಎಂ. ಇನ್‌ಪುಟ್‌ಗೆ 2.8 ಮಿಲಿವೋಲ್ಟ್, 1:20ರಲ್ಲಿ 4.5 ಮಿಲಿವೋಲ್ಟ್ ಸಿಗುತ್ತದೆ. ಎರಡೂ ನಡೆಯುತ್ತವೆ. 1:30ಕ್ಕೆ ಹೋದರೆ ಲೋಡ್ 52 ಓಮ್‌ಗೆ ಇಳಿದು ತಯಾರಕರ ಕನಿಷ್ಠದ ಕೆಳಗಾಗುತ್ತದೆ. ಅನುಪಾತ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಕೊಂಡವರು ಎಡವುವುದು ಇಲ್ಲೇ. ಟ್ರಾನ್ಸ್‌ಫಾರ್ಮರ್‌ನಿಂದ ಪ್ರಿಆಂಪ್‌ಗೆ ಹೋಗುವ ಕೇಬಲ್ ಮಾತ್ರ ಗೇಣುದ್ದ ಇರಲಿ, ಏಕೆಂದರೆ ಅದರ ಕೆಪಾಸಿಟೆನ್ಸ್ ಕೂಡ ಅದೇ ವರ್ಗದ ಲೆಕ್ಕದಲ್ಲಿ ಹಿಗ್ಗುತ್ತದೆ. ಟ್ರಾನ್ಸ್‌ಫಾರ್ಮರ್‌ನ್ನು ಪವರ್ ಆಂಪ್ಲಿಫೈಯರ್‌ನಿಂದ ದೂರವಿಟ್ಟು, ಗುಂಯ್ ಕಡಿಮೆಯಾಗುವ ದಿಕ್ಕು ಸಿಗುವವರೆಗೆ ತಿರುಗಿಸಿ ನೋಡಿ.

ಕರೆಂಟ್ ಇನ್‌ಪುಟ್ ಫೋನೋ ಅಂತ ಇದೆಯಂತಲ್ಲ, ಅದಕ್ಕೆ ಲೋಡೇ ಬೇಡವಂತೆ?

ಅದರಲ್ಲಿ ಲೋಡ್ ಹೆಚ್ಚುಕಡಿಮೆ ಸೊನ್ನೆ ಓಮ್, ಅಂದರೆ ಇಲ್ಲವೆಂದಲ್ಲ, ಅತಿ ಭಾರದ್ದು. ವೋಲ್ಟೇಜಿನ ಬದಲು ಕಾರ್ಟ್ರಿಜ್ ತಳ್ಳುವ ವಿದ್ಯುತ್ ಪ್ರವಾಹವನ್ನು ಅದು ಹಿಗ್ಗಿಸುತ್ತದೆ. ಅಲ್ಲಿ ಗೇನ್ ಸುರುಳಿಯ ಓಮ್‌ನ ಮೇಲೆ ನಿಂತಿದೆ: ಅದೇ 0.3 ಮಿಲಿವೋಲ್ಟ್‌ನ ಕಾರ್ಟ್ರಿಜ್‌ಗೆ 5 ಓಮ್ ಸುರುಳಿಯಿದ್ದರೆ 60 ಮೈಕ್ರೋಆಂಪಿಯರ್ ಬರುತ್ತದೆ, 40 ಓಮ್ ಇದ್ದರೆ 7.5 ಮಾತ್ರ. ಹಾಗಾಗಿ ಅದು 10 ಓಮ್‌ಗಿಂತ ಕಡಿಮೆ ಸುರುಳಿಯ ಕಾರ್ಟ್ರಿಜ್‌ಗಳಿಗೆ ಹೇಳಿ ಮಾಡಿಸಿದ್ದು. ಎಂ.ಎಂ. ಹಾಕಲೇಬೇಡಿ.

## ಹಳೆಯ ತಟ್ಟೆ, ಮಲೆನಾಡಿನ ಮಳೆ

ಕಾಳಿಂಗರಾಯರ 78ರ ಪ್ಲೇಟುಗಳಿವೆ. ಅವಕ್ಕೆ ಬೇರೆ ಗೇನ್, ಬೇರೆ ಲೋಡ್ ಬೇಕಾ?

ಲೋಡ್ ಕಾರ್ಟ್ರಿಜ್‌ಗೆ ಸೇರಿದ್ದೇ ಹೊರತು ತಟ್ಟೆಗಲ್ಲ, ಆದ್ದರಿಂದ ಬದಲಿಸಬೇಕಿಲ್ಲ. ಗೇನ್ ಮಾತ್ರ ಒಂದು ಮೆಟ್ಟಿಲು ಇಳಿಸಿ, ಏಕೆಂದರೆ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳ ಕೊರೆತ ಜೋರು, ಮೇಲೆ ಗೀರುಗಳ ಚಟಪಟ ಇನ್ನೂ ಜೋರು. ಇದಕ್ಕಿಂತ ಮುಖ್ಯವಾದದ್ದು ಮುಳ್ಳು. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರ ಗಾಡಿಗೆ 65ರಿಂದ 75 ಮೈಕ್ರಾನ್ ಬೇಕು. ಸಣ್ಣ ಮುಳ್ಳು ಗಾಡಿಯ ತಳದಲ್ಲಿ ಓಡಾಡಿಕೊಂಡು ಧೂಳನ್ನು ಹಾಡಿಸುತ್ತದೆ. 1954ಕ್ಕೆ ಮುಂಚಿನ ತಟ್ಟೆಗಳಿಗೆ ಆರ್‌ಐಎಎ ವಕ್ರರೇಖೆ ಅನ್ವಯಿಸುವುದಿಲ್ಲವಾದ್ದರಿಂದ ಟೋನ್ ತಿರುಗಣೆಯನ್ನು ನಾಚಿಕೆಯಿಲ್ಲದೆ ಬಳಸಿ. ಮೋನೋ ಸ್ವಿಚ್ಚಿದ್ದರೆ ಒತ್ತಿ. ಗಾಡಿಯಲ್ಲಿ ಮೇಲೆಕೆಳಗೆ ಏಳುವ ಸದ್ದೆಲ್ಲ ಅಳಿಸಿಹೋಗುತ್ತದೆ.

ಆಷಾಢದಲ್ಲಿ ಒಂದು ಕಡೆಯ ಸದ್ದು ಕಮ್ಮಿಯಾಯ್ತು. ಗೇನ್ ಸ್ವಿಚ್ ಎರಡೂ ಕಡೆ ಒಂದೇ ಇದೆ. ಕಾರ್ಟ್ರಿಜ್ ಹೋಯ್ತಾ?

ಮೊದಲು ಹೆಡ್‌ಶೆಲ್‌ನ ಎಡ-ಬಲದ ವೈರುಗಳನ್ನು ಅದಲುಬದಲು ಮಾಡಿ. ದೋಷ ಇನ್ನೊಂದು ಕಡೆಗೆ ಹೋದರೆ ಕಾರ್ಟ್ರಿಜ್, ಇದ್ದ ಕಡೆಯೇ ನಿಂತರೆ ಅದರಿಂದ ಮುಂದಿನದು. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಪ್ರಿಆಂಪ್‌ನ ತಳದಲ್ಲಿರುವ ಸಾಸಿವೆಕಾಳಿನಂಥ ಬಿಳಿ ಡಿಪ್ ಸ್ವಿಚ್ಚುಗಳ ಒಳಗೂ ಕಿಲುಬು ಹಿಡಿಯುತ್ತದೆ. ಸ್ವಿಚ್ ಆನ್ ಎಂದು ತೋರಿಸುತ್ತಿರುತ್ತದೆ, ಒಳಗೆ ಪೂರ್ತಿ ಕೂಡಿರುವುದಿಲ್ಲ. ಒಂದು ಚಾನೆಲ್ 60 ಡೆಸಿಬೆಲ್‌ನಲ್ಲಿ, ಇನ್ನೊಂದು 54ರಲ್ಲಿ ನಿಂತಂತಾಗುತ್ತದೆ. ಆಂಪ್ಲಿಫೈಯರ್ ಆರಿಸಿ, ಪ್ರಿಆಂಪ್‌ನ ಪ್ಲಗ್ ಕಿತ್ತು, ಬೆಂಕಿಕಡ್ಡಿಯ ತುದಿಯಿಂದ ಪ್ರತಿ ಸ್ವಿಚ್ಚನ್ನೂ ಇಪ್ಪತ್ತು ಸಲ ಅತ್ತಿತ್ತ ಆಡಿಸಿ, ಮೊದಲಿದ್ದ ಜಾಗಕ್ಕೇ ತನ್ನಿ. ಎಲ್ಲಿದ್ದವೆಂದು ಆಡಿಸುವ ಮುನ್ನವೇ ಫೋಟೋ ತೆಗೆದಿಟ್ಟುಕೊಳ್ಳಿ. ಆಡಿಸಿದ ಮೇಲೂ ಬಾರದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ. ಸೇಫ್ಟಿ ಪಿನ್ನು ಬಳಸಬೇಡಿ. ನಾನು ಒಮ್ಮೆ ಬಳಸಿ, ಮೂರನೆಯ ಸ್ವಿಚ್ಚಿನ ಮೂತಿ ಮುರಿದು, ಅಂದಿನಿಂದ ಆ ಪ್ರಿಆಂಪ್ ಎಡಗಡೆಗೆ 100 ಓಮ್‌ನಲ್ಲೇ ಕಾಯಂ ಆಗಿ ನಿಂತಿದೆ.